ಹೆಬ್ಬೆಟ್ಟಿನವರ ದ್ವೀಪದಲ್ಲಿ ಐದು ದಿನ

ಮೊದಲ ದಿನ: ಬಂದರಿನ ಕಲ್ಲುಗಳು

ಮಾರಿಷಸ್‌ಗೆ ಇಳಿದ ಕೂಡಲೇ ಎದುರಾಗುವ ಹೆಸರು ದೇಶದ ಮೊದಲ ಪ್ರಧಾನಿ ಸರ್ ಶಿವಸಾಗರ ರಾಮಗುಲಾಂ ಅವರದು. ಅಲ್ಲಿನವರು ಬರೆಯುವುದು ‘ಸೀವೂಸಾಗುರ್’ ಎಂದು, ಕರೆಯುವುದು ‘ಚಾಚಾ’ ಎಂದು. ವಿಮಾನ ನಿಲ್ದಾಣಕ್ಕೆ ಅವರ ಹೆಸರು, ನಾಣ್ಯಗಳ ಮೇಲೆ ಅವರ ಮುಖ, 2000 ರೂಪಾಯಿ ನೋಟಿನ ಮೇಲೂ ಅದೇ ಮುಖ. ಆ ನೋಟು ನೋಡಲು ಚೆಂದ, ಆದರೆ ಬಸ್ಸಿನಲ್ಲಾಗಲಿ ಬೀದಿ ತಿಂಡಿಯ ಗಾಡಿಯಲ್ಲಾಗಲಿ ಅದಕ್ಕೆ ಚಿಲ್ಲರೆ ಹುಟ್ಟುವುದಿಲ್ಲ. ಹಣ ಬದಲಿಸುವಾಗಲೇ ನೂರು, ಇನ್ನೂರರ ನೋಟು ಕೇಳಿ ಪಡೆಯುವುದು ಒಳ್ಳೆಯದು.

ಪ್ರವಾಸಿಗರು ಸಾಮಾನ್ಯವಾಗಿ ಸಮುದ್ರ ತೀರದಲ್ಲಿ ಕೋಣೆ ಹಿಡಿಯುತ್ತಾರೆ. ರಾಮಗುಲಾಂ ಬದುಕಿನ ಜಾಡು ಹಿಡಿಯುವವರಿಗೆ ತೀರ ದೂರವಾಗುತ್ತದೆ. ಮೆಟ್ರೊ ಹಾದುಹೋಗುವ ರೋಸ್ ಹಿಲ್ ಅಥವಾ ಕ್ವಾತ್ರ್ ಬೋರ್ನ್ ಅನುಕೂಲ. ನಾವು ಹೋದದ್ದು ಜುಲೈಯಲ್ಲಿ. ಅಲ್ಲಿಗೆ ಅದು ಚಳಿಗಾಲ, ಕಬ್ಬಿನ ಕಟಾವಿನ ಕಾಲವೂ ಹೌದು. ದಾರಿಯುದ್ದಕ್ಕೂ ಕಬ್ಬು ಹೇರಿದ ಲಾರಿಗಳು, ಅವು ಉದುರಿಸಿದ ಸಿಪ್ಪೆ, ಹಸಿ ಕಬ್ಬಿನ ವಾಸನೆ. ಮಂಡ್ಯದ ಕಡೆಯವರಿಗೆ ಹೊಸದೆನಿಸುವುದು ಗದ್ದೆಗಳ ನಡುವೆ ಎದ್ದ ಕಪ್ಪು ಕಲ್ಲಿನ ಗುಡ್ಡೆಗಳು ಮಾತ್ರ. ಇದು ಜ್ವಾಲಾಮುಖಿಯ ನೆಲ. ಉಳುಮೆಗೆ ಮುಂಚೆ ಕಲ್ಲು ಆರಿಸಬೇಕಿತ್ತು, ಆರಿಸಿದ್ದನ್ನು ಅಲ್ಲೇ ಪೇರಿಸಬೇಕಿತ್ತು. ಪೇರಿಸಿದ ಕೈಗಳು ಮೊದಲು ಗುಲಾಮರವು, ಆಮೇಲೆ ಭಾರತದಿಂದ ಬಂದ ಕೂಲಿಗಳವು.

ಆ ಕೂಲಿಗಳು ಕಾಲಿಟ್ಟ ಜಾಗ ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್. ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ, ಶನಿವಾರ ಅರ್ಧ ದಿನ, ಭಾನುವಾರ ರಜೆ. ಬೆಳಗ್ಗೆ ಇಳಿಯುವ ವಿಮಾನ ಸಿಕ್ಕರಷ್ಟೇ ಮೊದಲ ದಿನ ಇದನ್ನು ನೋಡಲು ಸಾಧ್ಯ. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ 36 ಜನ ಬಂದರು. ಗುಲಾಮಗಿರಿ ಕೊನೆಯಾಗುತ್ತಿತ್ತು, ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಅಲ್ಲಿಂದ ಮುಂದಿನ ದಶಕಗಳಲ್ಲಿ ಬಂದವರು ಸುಮಾರು ನಾಲ್ಕೂವರೆ ಲಕ್ಷ. ಈಗ ಉಳಿದಿರುವುದು ಕಲ್ಲಿನ ಮೆಟ್ಟಿಲು, ಆಸ್ಪತ್ರೆಯ ಗೋಡೆಗಳು, ಅಡುಗೆಮನೆ ಮತ್ತು ಶೌಚಾಲಯದ ತಳಪಾಯ. ಮೆಟ್ಟಿಲು ಇಷ್ಟು ಗಿಡ್ಡ, ಇಷ್ಟು ಸಾಧಾರಣ ಎಂದು ಅನೇಕರಿಗೆ ನಿರಾಸೆಯಾಗುತ್ತದೆ. ಹಿಂದೆ ಸಮುದ್ರ ಈ ಮೆಟ್ಟಿಲಿನವರೆಗೂ ಇತ್ತು. ಬಂದರಿನ ಅಂಚನ್ನು ಮಣ್ಣು ತುಂಬಿ ಮುಂದಕ್ಕೆ ತಳ್ಳಿದ್ದಾರೆ, ನಡುವೆ ಹೆದ್ದಾರಿ ಬಂದಿದೆ. ಅದನ್ನು ಮನಸ್ಸಿನಲ್ಲಿ ಅಳಿಸಿ ನೋಡಬೇಕು.

ಬಂದವರಲ್ಲಿ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಡುತ್ತಿದ್ದರು. ದಾಖಲೆ ಪುಸ್ತಕಗಳು ಈಗ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಅಜ್ಜನ ಸಂಖ್ಯೆ ಇಲ್ಲವೇ ಹಡಗಿನ ಹೆಸರು ಗೊತ್ತಿದ್ದವರಿಗೆ ಊರಿನ ಹೆಸರು ಸಿಗುತ್ತದೆ. ಹಾಗೆ ಬಂದವರಲ್ಲಿ ಒಬ್ಬ ಮೋಹಿತ್ ರಾಮಗುಲಾಂ, ಚಾಚಾನ ತಂದೆ. ಬಿಹಾರದ ಭೋಜಪುರ ಸೀಮೆಯ ಹರಿಗಾಂವ್‌ನ ಹುಡುಗ, 1896ರಲ್ಲಿ ‘ಹಿಂದೂಸ್ತಾನ್’ ಹಡಗಿನಲ್ಲಿ ಬಂದಾಗ ವಯಸ್ಸು ಹದಿನೆಂಟು.

ಎರಡನೇ ದಿನ: ಕೇವಲ್ ನಗರ

ಬೆಳಗಿನ ತಿಂಡಿಗೆ ಗಾತೋ ಪಿಮಾ. ಬೇಳೆಯನ್ನು ತರಿಯಾಗಿ ರುಬ್ಬಿ, ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಹಾಕಿ ಕರಿದ ಸಣ್ಣ ಉಂಡೆಗಳು. ನಮ್ಮ ಅಂಬೊಡೆಯ ತಮ್ಮ ಎನ್ನಬಹುದು. ಅಲ್ಲಿ ಅದನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನೊಳಗೆ ಒತ್ತಿ ತಿನ್ನುತ್ತಾರೆ. ಏಳೂವರೆಯ ಒಳಗೆ ಹೋದರೆ ಬಿಸಿಯದು, ಒಂಬತ್ತಕ್ಕೆ ಗಾಡಿ ಖಾಲಿ.

ಮೋಹಿತ್‌ನ ಮಗ ಹುಟ್ಟಿದ್ದು 1900ರ ಸೆಪ್ಟೆಂಬರ್ 18ರಂದು, ಫ್ಲಾಕ್ ಜಿಲ್ಲೆಯ ಬೆಲ್ ರೀವ್‌ನಲ್ಲಿ. ಅಲ್ಲಿಗೆ ಹೋಗುವುದು ಹೇಗೆಂದು ಕೇಳುವಾಗಲೇ ಎಡವಟ್ಟಾಗುತ್ತದೆ. ದ್ವೀಪದ ತುಂಬ ‘ಬೆಲ್’, ‘ಬೋ’ ಎಂದು ಶುರುವಾಗುವ ಊರುಗಳು. ಬೆಲ್ ರೀವ್ ಎಂದರೆ ಕೇಳಿಸಿಕೊಂಡವರು ಬೆಲ್ ರೋಸ್ ಎಂದುಕೊಂಡು ತಪ್ಪು ಬಸ್ಸು ತೋರಿಸುತ್ತಾರೆ, ಆ ಬಸ್ಸು ತೀರಾ ಬೇರೆ ದಿಕ್ಕಿಗೆ ಹೋಗುತ್ತದೆ. ಈಗಿನ ಹೆಸರು ಕೇವಲ್ ನಗರ. ಹಾಗೆ ಕೇಳಿದರೆ ಯಾರಿಗೂ ಗೊಂದಲವಿಲ್ಲ. ಕೇವಲ್ ಎಂಬುದು ಮನೆಯವರು ಆ ಮಗುವನ್ನು ಕರೆಯುತ್ತಿದ್ದ ಹೆಸರು. ದೇಶದ ಪಿತಾಮಹನ ಊರಿಗೆ ಅವನ ಅಮ್ಮ ಕರೆದ ಹೆಸರನ್ನೇ ಇಟ್ಟದ್ದು ಮನಸ್ಸಿಗೆ ಹತ್ತಿರವಾಗುತ್ತದೆ.

ಊರು ಚಿಕ್ಕದು. ಸುತ್ತ ಕಬ್ಬು, ಗಾಳಿಗೆ ಬಾಗುವ ಸೂಲಂಗಿ, ಅಂಗಳದ ಮೂಲೆಯಲ್ಲಿ ಕೆಂಪು ಬಾವುಟದ ಹನುಮಂತನ ಕಟ್ಟೆ. ಮನೆಗಳು ಸಿಮೆಂಟಿನವು, ಸಮತಟ್ಟಾದ ತಾರಸಿ. 1960ರಲ್ಲಿ ಬಂದ ‘ಕ್ಯಾರೊಲ್’ ಚಂಡಮಾರುತ ಹುಲ್ಲಿನ, ತಗಡಿನ ಮನೆಗಳನ್ನು ಸಾವಿರಗಟ್ಟಲೆ ಹಾರಿಸಿಕೊಂಡು ಹೋದ ಮೇಲೆ ದ್ವೀಪವೇ ಸಿಮೆಂಟಿಗೆ ತಿರುಗಿತು. ಹಾಗಾಗಿ 1900ರ ಮನೆ ಹೇಗಿತ್ತೆಂದು ಕಣ್ಣಲ್ಲಿ ಕಾಣುವುದು ಕಷ್ಟ.

ಅಂಗಡಿಯ ಮುಂದೆ ಕೂತಿದ್ದ ಮುದುಕರೊಬ್ಬರು ಭೋಜಪುರಿಯಲ್ಲಿ “ಕಾ ಹಾಲ್ ಬಾ?” ಎಂದು ಮಾತಿಗೆಳೆದರು. ಹಿಂದಿ ತಕ್ಕಮಟ್ಟಿಗೆ ಬಂದರೆ ಹಳೆಯ ತಲೆಮಾರಿನವರೊಡನೆ ಮಾತು ನಡೆಯುತ್ತದೆ. ಮೊಮ್ಮಕ್ಕಳು ಮಾತ್ರ ಫ್ರೆಂಚಿನಿಂದ ಹುಟ್ಟಿದ ಅಲ್ಲಿನ ಆಡುಮಾತು ಕ್ರಿಯೋಲ್‌ನಲ್ಲೇ ಉತ್ತರಿಸುತ್ತಾರೆ. “ನಮ್ಮ ಕಾಲದಲ್ಲಿ ಹಗಲು ಗದ್ದೆ, ರಾತ್ರಿ ಬೈಠಕಾ” ಎಂದರು ಅವರು. ಬೈಠಕಾ ಎಂದರೆ ಊರಿನ ಕೂಟದ ಮನೆ: ಸಂಜೆ ದೀಪ ಹಚ್ಚಿ ಹಿಂದಿ ಅಕ್ಷರ ಕಲಿಸುವುದು, ರಾಮಾಯಣ ಓದುವುದು, ಜಗಳ ಬಗೆಹರಿಸುವುದು ಎಲ್ಲ ಅಲ್ಲೇ. ಕೇವಲ್ ಕೂಡ ಮೊದಲು ಕಲಿತದ್ದು ಬೈಠಕಾದಲ್ಲಿ. ಆಮೇಲೆ ಮನೆಯವರಿಗೆ ಹೇಳದೆ ನೆರೆಯ ಕ್ರೈಸ್ತ ಹೆಂಗಸೊಬ್ಬರು ನಡೆಸುತ್ತಿದ್ದ ಚಿಕ್ಕ ಶಾಲೆಗೆ ಹೋಗಿ ಕೂರುತ್ತಿದ್ದ. ನಂತರ ಬೆಲ್ ಏರ್‌ನ ಸರ್ಕಾರಿ ಶಾಲೆ.

ತಂದೆ ಕ್ವೀನ್ ವಿಕ್ಟೋರಿಯಾ ತೋಟದಲ್ಲಿ ಸರ್ದಾರ, ಅಂದರೆ ಆಳುಗಳ ಮೇಸ್ತ್ರಿ. ಮಗನಿಗೆ ಏಳು ವರ್ಷವಾದಾಗ ತೀರಿಕೊಂಡರು. ಹನ್ನೆರಡನೆಯ ವಯಸ್ಸಿಗೆ ದನದ ಕೊಟ್ಟಿಗೆಯಲ್ಲಿ ನಡೆದ ಅವಘಡದಲ್ಲಿ ಹುಡುಗನ ಎಡಗಣ್ಣು ಹೋಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆ ಕಾಲದ ತೋಟದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೊಂಬತ್ತರದು ಇದಕ್ಕಿಂತ ಸಣ್ಣ ಕಾರಣಕ್ಕೆ ಮುಗಿದಿದೆ. ತಾಯಿ ಬಾಸ್ಮತಿ ವಿಧವೆಯಾಗಿದ್ದಾಗ ಮೋಹಿತ್‌ನನ್ನು ಮದುವೆಯಾದವರು. ಮೊದಲ ಮದುವೆಯ ಮಗ ರಾಮಲಾಲ್ ಮುಂದೆ ಈ ತಮ್ಮನ ವಿಲಾಯಿತಿ ಓದಿಗೆ ಹಣ ಹಾಕಿದ. ಚಾಚಾನ ಪುತ್ಥಳಿಗಳು ದ್ವೀಪದಲ್ಲಿ ಬೇಕಾದಷ್ಟಿವೆ. ಆ ಅಣ್ಣನಿಗೂ ಒಂದು ಸಲ್ಲಬೇಕು.

ಹಿಂತಿರುಗುವಾಗ ಯೂನಿಯನ್ ಫ್ಲಾಕ್ ಕಡೆಯಿಂದ ಬಂದರೆ ಇನ್ನೊಂದು ಎಳೆ ಸಿಗುತ್ತದೆ. ಸಣ್ಣ ಹಿಡುವಳಿದಾರರು ಬೆಳೆಯುತ್ತಿದ್ದ ‘ಊಬಾ’ ತಳಿಯ ಕಬ್ಬಿಗೆ ಗಿರಣಿಗಳು ಕೊಡುವ ಬೆಲೆಯನ್ನು 1937ರಲ್ಲಿ ಶೇಕಡಾ 15ರಷ್ಟು ಇಳಿಸಿದವು. ಪ್ರತಿಭಟನೆ ಎದ್ದಿತು, ಇಲ್ಲಿ ಗುಂಡು ಹಾರಿ ಜನ ಸತ್ತರು. ಕಬ್ಬಿನ ಬೆಲೆಗಾಗಿ ಬೀದಿಗಿಳಿಯುವ ರೈತರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೇ ದಿನ: ಕ್ಯೂರ್‌ಪಿಪ್, ಗಂಗಾ ತಲಾವ್

ಪೋರ್ಟ್ ಲೂಯಿಯಲ್ಲಿ ಬಿಸಿಲಿದ್ದರೂ ಕ್ಯೂರ್‌ಪಿಪ್‌ಗೆ ಹೊರಡುವಾಗ ಕೊಡೆ, ಸ್ವೆಟರ್ ಎರಡೂ ಬೇಕು. ಊರು ಪ್ರಸ್ಥಭೂಮಿಯ ಮೇಲೆ ಸುಮಾರು 550 ಮೀಟರ್ ಎತ್ತರದಲ್ಲಿದೆ. ಆಗ್ನೇಯದಿಂದ ಬೀಸುವ ತೇವದ ಗಾಳಿ ಮೇಲೇರಿ ಇಲ್ಲಿ ಮಳೆ ಸುರಿಸುತ್ತದೆ. ಮಡಿಕೇರಿಯ ಜುಲೈಯಷ್ಟು ಜೋರಲ್ಲ, ಆದರೆ ಅದೇ ಬಿಡದ ಜಿನುಗು. ಮೆಟ್ರೊ ಕೊನೆಯ ನಿಲ್ದಾಣದಿಂದ ರಾಯಲ್ ಕಾಲೇಜಿಗೆ ನಡೆದೇ ಹೋಗಬಹುದು. ಕರಿಗಲ್ಲಿನ ಅರಮನೆಯಂಥ ಕಟ್ಟಡ. ಮುಂದೆ ಮೊದಲ ಮಹಾಯುದ್ಧದ ಸ್ಮಾರಕ, ಒಬ್ಬ ಫ್ರೆಂಚ್ ಸಿಪಾಯಿ, ಒಬ್ಬ ಇಂಗ್ಲಿಷ್ ಸಿಪಾಯಿ. ಶಾಲೆ ನಡೆಯುವ ದಿನ ಒಳಗೆ ಬಿಡುವುದಿಲ್ಲ. ಬೇಲಿಯ ಆಚೆಯಿಂದಲೇ ನೋಡಿದೆವು.

ತೋಟದ ಹುಡುಗ ಇಲ್ಲಿಗೆ ತಲುಪಿದ್ದು ಚಿಕ್ಕಪ್ಪನ ಮನೆಯಿಂದ. ಕ್ಯೂರ್‌ಪಿಪ್‌ನಲ್ಲಿ ಭೂಮಾಪಕರಾಗಿದ್ದ ಅವರ ಮನೆಯಲ್ಲಿ ಊಟ, ವಸತಿ, ಜೊತೆಗೆ ಸಂಜೆ ಹಿರಿಯರು ಸೇರಿ ಆಡುವ ರಾಜಕೀಯದ ಮಾತು. ಕೆಲವು ತಿಂಗಳು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ 1921ರಲ್ಲಿ ಲಂಡನ್‌ಗೆ ಹಡಗು ಹತ್ತಿದರು. ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯ ಶಿಕ್ಷಣ, ಬಿಡುವಿನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಉಪನ್ಯಾಸಗಳು. ಊರಿಗೆ ಮರಳಿದ್ದು 1935ರಲ್ಲಿ. ಹದಿನಾಲ್ಕು ವರ್ಷ! ಪದವಿಗೆ ಅಷ್ಟು ಬೇಕಿರಲಿಲ್ಲ. ಭಾರತದ ಸ್ವಾತಂತ್ರ್ಯ ಚಳವಳಿಯವರ ಒಡನಾಟಕ್ಕೂ ಅಲ್ಲೇ ಸಮಯ ಹೋಯಿತು. ಮುಂದಿನ ರಾಜಕಾರಣಕ್ಕೆ ಅದೂ ಓದೇ ಆಗಿತ್ತು ಎಂಬುದು ನನ್ನ ಎಣಿಕೆ.

ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಗಂಗಾ ತಲಾವ್‌ಗೆ. ಶಿವರಾತ್ರಿಯ ಹೊತ್ತು ಬಿಟ್ಟರೆ ಬಸ್ಸುಗಳು ಬಹಳ ಕಡಿಮೆ, ಆದ್ದರಿಂದ ಹೋಗಿ ಬರುವ ಬಾಡಿಗೆಯನ್ನು, ಅಲ್ಲಿ ಕಾಯುವ ಹೊತ್ತನ್ನೂ ಸೇರಿಸಿ, ಮೊದಲೇ ಮಾತಾಡಿಕೊಳ್ಳಬೇಕು. ಕಾಡಿನ ನಡುವೆ ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆ, ಪಕ್ಕದಲ್ಲಿ 33 ಮೀಟರ್ ಎತ್ತರದ ಶಿವ. ಟ್ರಿಯೊಲೆಯ ಅರ್ಚಕರೊಬ್ಬರು 1897ರಲ್ಲಿ ಕನಸಿನಲ್ಲಿ ಕಂಡ ಕೆರೆ ಇದು ಎನ್ನುತ್ತಾರೆ; ಮರುವರ್ಷದಿಂದ ಕಾಲ್ನಡಿಗೆಯ ಯಾತ್ರೆ ಶುರುವಾಯಿತು. 1972ರಲ್ಲಿ, ರಾಮಗುಲಾಂ ಪ್ರಧಾನಿಯಾಗಿದ್ದಾಗ, ಗಂಗೆಯ ನೀರನ್ನು ತಂದು ಇದಕ್ಕೆ ಬೆರೆಸಿದರು. ಪರಿ ತಲಾವ್ ಎಂದು ಕರೆಯುತ್ತಿದ್ದದ್ದು ಗಂಗಾ ತಲಾವ್ ಆಯಿತು. ಗಾಳಿ ಕೊರೆಯುತ್ತದೆ, ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ನೈವೇದ್ಯದ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ನಡೆದರೆ ಮಂಗಗಳ ಪಾಲು. ನಮ್ಮದೂ ಹಾಗೇ ಹೋಯಿತು.

ನಾಲ್ಕನೇ ದಿನ: ಪೋರ್ಟ್ ಲೂಯಿ

ರಾಜಧಾನಿಗೆ ಒಂದು ದಿನ ಪೂರ್ತಿ ಬೇಕು, ಅದೂ ವಾರದ ದಿನವೇ ಆಗಬೇಕು. ಸಂಜೆ ಐದಕ್ಕೆ ಅಂಗಡಿಗಳು ಮುಚ್ಚಿ ಊರು ಖಾಲಿಯಾಗುತ್ತದೆ.

ರೋಸ್ ಹಿಲ್‌ನಿಂದ ಮೆಟ್ರೊದಲ್ಲಿ ಬರುವಾಗ ಊರಿಗೆ ಸ್ವಲ್ಪ ಮೊದಲು ಗ್ರಾಂದ್ ರಿವಿಯೇರ್ ನದಿಯ ಸೇತುವೆ ಸಿಗುತ್ತದೆ. ಕಿಟಕಿಯ ಪಕ್ಕ ಕೂರಬೇಕು. 1975ರ ಮೇ 20ರಂದು ಶಾಲಾ ಮಕ್ಕಳು ಮೆರವಣಿಗೆಯಲ್ಲಿ ರಾಜಧಾನಿಗೆ ಹೊರಟಾಗ ಪೊಲೀಸರು ತಡೆದದ್ದು ಈ ನದಿಯ ಹತ್ತಿರ. ಅದು ರಾಮಗುಲಾಂ ಆಳ್ವಿಕೆಯ ವಿರುದ್ಧವೇ ಎದ್ದ ಸಿಟ್ಟು. 1971ರ ಕೊನೆಯಲ್ಲಿ ಅವರ ಸರ್ಕಾರ ತುರ್ತು ಪರಿಸ್ಥಿತಿ ಹೇರಿತ್ತು, ಪತ್ರಿಕೆಗಳ ಮೇಲೆ ಕಣ್ಗಾವಲು ಇತ್ತು, ಚುನಾವಣೆಯನ್ನು 1976ಕ್ಕೆ ಮುಂದೂಡಿತ್ತು. ಮಕ್ಕಳ ಮೆರವಣಿಗೆಯ ನಂತರ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು, 1977ರಿಂದ ಪ್ರೌಢಶಾಲೆಯ ಓದು ಉಚಿತವಾಯಿತು. ಉಚಿತ ಶಿಕ್ಷಣವನ್ನು ಚಾಚಾ ಕೊಟ್ಟರು ಎಂದು ಎಲ್ಲರೂ ಹೇಳುತ್ತಾರೆ. ನಿಜ. ಕೇಳಿದ್ದು ಆ ಮಕ್ಕಳು ಎಂಬುದನ್ನೂ ಜೊತೆಗೆ ಹೇಳಬೇಕು.

ಪ್ಲೇನ್ ವೆರ್ತ್‌ನ ಹಳೆಯ ದೆಫೋರ್ಜ್ ಬೀದಿ ಈಗ ಸರ್ ಶಿವಸಾಗರ ರಾಮಗುಲಾಂ ಬೀದಿ. ಮುಸ್ಲಿಮರು ಹೆಚ್ಚಿರುವ ಬಡಾವಣೆ. ಬಟ್ಟೆ ಅಂಗಡಿ, ಬಿರಿಯಾನಿಯ ವಾಸನೆ. ಲಂಡನ್‌ನಿಂದ ಬಂದ ಡಾಕ್ಟರು ವಾಸವಿದ್ದ ಮನೆ ಈಗ ಸ್ಮಾರಕ ಕೇಂದ್ರ: ಅವರ ಬಳಕೆಯ ವಸ್ತುಗಳು, ಫೋಟೋಗಳು. ಬೇಗ ನೋಡಿ ಮುಗಿಸುವ ಆತುರ ಬೇಡ.

ಅವರು 1940ರಲ್ಲಿ ಶಾಸನ ಸಭೆಗೆ ನಾಮನಿರ್ದೇಶನಗೊಂಡರು. ಅದೇ ವರ್ಷ ‘ಅಡ್ವಾನ್ಸ್’ ಪತ್ರಿಕೆ ಶುರುವಾಯಿತು. ತೋಟದ ಮಾಲೀಕರ ಪರವಾದ ಪತ್ರಿಕೆಗೆ ಅವರು ಅಲ್ಲಿ ಉತ್ತರ ಬರೆಯುತ್ತಿದ್ದದ್ದು ‘ಥಂಬ್ ಮಾರ್ಕ್’ ಎಂಬ ಹೆಸರಿನಲ್ಲಿ. ಅಂದರೆ ಹೆಬ್ಬೆಟ್ಟು! ವಿಲಾಯಿತಿಯಲ್ಲಿ ಓದಿ ಬಂದ ಡಾಕ್ಟರು ತನ್ನ ಲೇಖನದ ಕೆಳಗೆ ಸಹಿ ಬಾರದವರ ಗುರುತನ್ನು ಹಾಕಿಕೊಂಡರು. ಅಪ್ರವಾಸಿ ಘಾಟ್‌ನ ಕಲ್ಲುಗಳನ್ನು, ಕೇವಲ್ ನಗರದ ಬೈಠಕಾವನ್ನು ನೋಡಿ ಬಂದವರಿಗೆ ಈ ಒಂದು ಪದ ಸಾಕು, ಇಡೀ ಬದುಕು ಅರ್ಥವಾಗಲು. ಏಳು ವರ್ಷಗಳ ನಂತರ ಹೊಸ ಸಂವಿಧಾನ ಬಂತು: ತನಗೆ ಬರುವ ಭಾಷೆಯಲ್ಲಿ ಸರಳ ವಾಕ್ಯ ಓದಿ, ಹೆಸರು ಬರೆಯಬಲ್ಲವರಿಗೆಲ್ಲ ಮತ. ಬಿಸುನ್‌ದಯಾಲ್ ಸಹೋದರರ ಜನಾಂದೋಲನದವರು ಬೈಠಕಾಗಳಲ್ಲಿ ಜನರಿಗೆ ಸಹಿ ಕಲಿಸಿದರು. ಮತದಾರರ ಸಂಖ್ಯೆ ಸುಮಾರು 12 ಸಾವಿರದಿಂದ 70 ಸಾವಿರ ದಾಟಿತು. ಗದ್ದೆಯಲ್ಲಿ ಕತ್ತಿ ಹಿಡಿದ ಬೆರಳುಗಳು ರಾತ್ರಿ ಹಲಗೆಯ ಮೇಲೆ ‘ರಾ’, ‘ಮ’ ತೀಡಿದ್ದರ ಫಲ ಅದು. ಎಲ್ಲ ವಯಸ್ಕರಿಗೂ ಮತ ಸಿಕ್ಕಿದ್ದು 1959ರ ಚುನಾವಣೆಗೆ.

ಮಧ್ಯಾಹ್ನದ ಊಟ ಧಾಲ್ ಪುರಿ. “ಎನ್ ಪೇರ್” ಎಂದರೆ ಒಂದು ಜೋಡಿ; ಒಂದೊಂದಾಗಿ ಯಾರೂ ಕೇಳುವುದಿಲ್ಲ. ಹಳದಿ ಬೇಳೆಯನ್ನು ಅರಿಶಿನ ಹಾಕಿ ಬೇಯಿಸಿ, ನೀರು ಬಸಿದು, ಜೀರಿಗೆಯೊಡನೆ ಪುಡಿ ಮಾಡಿ, ಮೈದಾ ಕಣಕದಲ್ಲಿ ತುಂಬಿ ಲಟ್ಟಿಸುತ್ತಾರೆ. ನಮ್ಮ ಹೋಳಿಗೆಯೇ, ಬೆಲ್ಲವಿಲ್ಲ ಅಷ್ಟೆ. ಕಣಕ ಕಲಸಲು ಬಸಿದ ಬೇಳೆಕಟ್ಟನ್ನೇ ಬಳಸುತ್ತಾರೆ. ಬೇಳೆ ಉಗುರಿಗೆ ಮುರಿಯುವ ಹದಕ್ಕೆ ನಿಲ್ಲಬೇಕು. ಕರಗುವಷ್ಟು ಬೆಂದರೆ ಹೂರಣ ನೀರು ಬಿಟ್ಟು ಲಟ್ಟಣಿಗೆಯ ಕೆಳಗೆ ಹರಿಯುತ್ತದೆ ಎಂದು ಗಾಡಿಯ ಹೆಂಗಸು ವಿವರಿಸಿದರು. ಒಳಗೆ ದೊಡ್ಡ ಅವರೆಯಂಥ ಕಾಳಿನ ಪಲ್ಯ, ಟೊಮೆಟೊದ ರೂಗಾಯ್, ಬೇಕೆಂದರೆ ಪಿಮಾ, ಅಂದರೆ ಮೆಣಸಿನಕಾಯಿ. ನಮ್ಮ ಖಾರಕ್ಕೆ ಒಗ್ಗಿದವರೂ ಮೊದಲು ಸ್ವಲ್ಪವೇ ಹಾಕಿಸಿಕೊಳ್ಳುವುದು ಕ್ಷೇಮ. ಮಾರುಕಟ್ಟೆಯೊಳಗೆ ಆಲೂದಾ ಕುಡಿದೆವು: ತಣ್ಣನೆ ಹಾಲು, ಕಾಮಕಸ್ತೂರಿ ಬೀಜ, ಅಗರ್ ಚೂರುಗಳು, ವೆನಿಲ್ಲಾ.

ಚಾಂ ದ ಮಾರ್ಸ್ 1812ರ ಕುದುರೆ ಜೂಜಿನ ಮೈದಾನ. ಓಟವಿರುವ ಶನಿವಾರ ಕಾಲಿಡಲೂ ಆಗದು, ಉಳಿದ ದಿನ ಜನ ಹುಲ್ಲಿನ ಮೇಲೆ ನಡೆದಾಡುತ್ತಿರುತ್ತಾರೆ. 1968ರ ಮಾರ್ಚ್ 12ರ ಮಧ್ಯಾಹ್ನ ಬ್ರಿಟಿಷ್ ಬಾವುಟ ಇಳಿದು ಕೆಂಪು, ನೀಲಿ, ಹಳದಿ, ಹಸಿರಿನ ನಾಲ್ಕು ಪಟ್ಟಿಯ ಬಾವುಟ ಏರಿದ್ದು ಇಲ್ಲಿ. ಗಾಂಧೀಜಿ ದಂಡಿಗೆ ಹೊರಟ ತಾರೀಕು ಅದು. ಹಬ್ಬದ ಚಿತ್ರ ಮಾತ್ರ ಪೂರ್ತಿ ಚಿತ್ರವಲ್ಲ. ಹಿಂದಿನ ವರ್ಷದ ಆಗಸ್ಟ್ ಚುನಾವಣೆಯಲ್ಲಿ ಶೇಕಡಾ 44ರಷ್ಟು ಮತ ಸ್ವಾತಂತ್ರ್ಯ ಬೇಡವೆಂದ ಪಕ್ಷಕ್ಕೆ ಬಿದ್ದಿತ್ತು. ಹಿಂದೂ ಬಹುಸಂಖ್ಯಾತರ ಆಳ್ವಿಕೆಯ ಭಯ ಆಫ್ರಿಕಾ ಮೂಲದ ಕ್ರಿಯೋಲರಲ್ಲಿತ್ತು. ಜನವರಿಯಲ್ಲಿ ಇದೇ ಊರಿನ ಬೀದಿಗಳಲ್ಲಿ ಕ್ರಿಯೋಲ್, ಮುಸ್ಲಿಂ ಗುಂಪುಗಳ ನಡುವೆ ಕೊಲೆಗಳಾಗಿ ಬ್ರಿಟಿಷ್ ಸೈನ್ಯ ಬರಬೇಕಾಯಿತು. ಸಮಾರಂಭಕ್ಕೆ ಬರಬೇಕಿದ್ದ ರಾಜಕುಮಾರಿ ಅಲೆಕ್ಸಾಂಡ್ರಾ ಬರಲಿಲ್ಲ. ಸ್ವಾತಂತ್ರ್ಯ ಬೇಡವೆಂದ ಪಕ್ಷದ ನಾಯಕ ಗೇತಾಂ ದ್ಯುವಾಲ್‌ರನ್ನು ರಾಮಗುಲಾಂ ಮರುವರ್ಷವೇ ಸರ್ಕಾರದೊಳಗೆ ಕರೆದುಕೊಂಡರು. ಸೋತವರನ್ನು ಹೊರಗೆ ನಿಲ್ಲಿಸಿದ್ದರೆ ಆ ಸಣ್ಣ ದ್ವೀಪ ಎರಡಾಗುತ್ತಿತ್ತು.

ಇನ್ನೊಂದು ಸಂಗತಿಗೆ ಈ ಮೈದಾನದಲ್ಲಿ ಗುರುತೇ ಇಲ್ಲ. 1965ರಲ್ಲಿ ಲಂಡನ್‌ನ ಲ್ಯಾಂಕಾಸ್ಟರ್ ಹೌಸ್ ಮಾತುಕತೆಯ ಬದಿಯಲ್ಲೇ ಮಾರಿಷಸ್‌ಗೆ ಸೇರಿದ್ದ ಛಾಗೋಸ್ ದ್ವೀಪಗಳನ್ನು ಬಿಟ್ಟುಕೊಡಲು ಬ್ರಿಟಿಷರು ರಾಮಗುಲಾಂ ಅವರಿಂದ ಒಪ್ಪಿಗೆ ಪಡೆದರು. ನವೆಂಬರ್ 8ರಂದು ದ್ವೀಪಗಳು ಬೇರೆಯಾದವು. ಪರಿಹಾರ 30 ಲಕ್ಷ ಪೌಂಡ್. 1973ರ ಹೊತ್ತಿಗೆ ಅಲ್ಲಿನ ಜನರನ್ನೆಲ್ಲ ಖಾಲಿ ಮಾಡಿಸಿದರು, ದಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆ ಎದ್ದಿತು. ವಸಾಹತಿನ ನಾಯಕನಿಗೆ ಬೇಡವೆನ್ನುವ ಸ್ವಾತಂತ್ರ್ಯ ನಿಜವಾಗಿ ಇರಲಿಲ್ಲ; 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಅಭಿಪ್ರಾಯವೂ ಇದೇ ಧಾಟಿಯದು. ಆದರೂ ಹಡಗಿನಿಂದ ಇಳಿಸಲ್ಪಟ್ಟು ಪೋರ್ಟ್ ಲೂಯಿಯ ಕೊಳೆಗೇರಿಗಳಲ್ಲಿ ಬದುಕಿದ ಛಾಗೋಸ್ ಜನರಿಗೆ ಈ ವಾದದಿಂದ ಸಮಾಧಾನವಾಗಬೇಕೆಂದು ಯಾರೂ ಕೇಳಲಾಗದು.

ಬೆಳಕಿರುವಾಗಲೇ ಹತ್ತಿರದ ಗುಡ್ಡದ ಕೋಟೆಗೆ ಹತ್ತಿದರೆ ಮೈದಾನ, ಬಂದರು, ಪ್ಲೇನ್ ವೆರ್ತ್ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಜುಲೈಯಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತದೆ.

ಐದನೇ ದಿನ: ಟ್ರಿಯೊಲೆ, ಪಾಂಪ್ಲೆಮೂಸ್

ಉತ್ತರಕ್ಕೆ ಹೋಗುವ ಬಸ್ಸುಗಳು ಅಪ್ರವಾಸಿ ಘಾಟ್‌ನ ಪಕ್ಕದ ನಿಲ್ದಾಣದಿಂದ ಹೊರಡುತ್ತವೆ. ಟ್ರಿಯೊಲೆ ರಸ್ತೆಗುಂಟ ಉದ್ದಕ್ಕೆ ಚಾಚಿಕೊಂಡ ಊರು. ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಹೇಳಿಡದಿದ್ದರೆ ಒಂದೆರಡು ಕಿಲೋಮೀಟರ್ ಹಿಂದಕ್ಕೆ ನಡೆಯಬೇಕಾಗುತ್ತದೆ. ಮಹೇಶ್ವರನಾಥ ದೇವಸ್ಥಾನ ಎಂದರೆ ಸಾಕು. ಇದು ರಾಮಗುಲಾಂ ಅವರ ಕ್ಷೇತ್ರ. 1982ರ ಜೂನ್‌ನಲ್ಲಿ ವಿರೋಧ ಪಕ್ಷಗಳ ಕೂಟ 60 ಸ್ಥಾನಗಳನ್ನೂ ಗೆದ್ದಾಗ ಇಲ್ಲಿ ಅವರೂ ಸೋತರು. ಹದಿನಾಲ್ಕು ವರ್ಷ ಪ್ರಧಾನಿಯಾಗಿದ್ದವರು ತಕರಾರಿಲ್ಲದೆ ಅಧಿಕಾರ ಬಿಟ್ಟು ಇಳಿದರು. ಸ್ವತಂತ್ರವಾದ ಹೊಸತರಲ್ಲಿ ಎಷ್ಟು ದೇಶಗಳಲ್ಲಿ ಇದು ನಡೆಯಿತು ಎಂದು ಎಣಿಸಿದರೆ ಈ ಸೋಲಿನ ತೂಕ ಗೊತ್ತಾಗುತ್ತದೆ. ದೇವಸ್ಥಾನದ ಆಲದ ನೆರಳಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು, “ನಮ್ಮ ಮನೆಯವರು ಆ ಸಲ ಅವರಿಗೆ ಹಾಕಲಿಲ್ಲ, ಆಮೇಲೆ ಅತ್ತರು” ಎಂದರು.

ಮುಂದಿನ ವರ್ಷದ ಕೊನೆಯಲ್ಲಿ ಹೊಸ ಸರ್ಕಾರವೇ ಅವರನ್ನು ಗವರ್ನರ್ ಜನರಲ್ ಮಾಡಿತು. ಲ ರೆದ್ಯುಯಿಯ 1748ರ ಬಂಗಲೆ ಅವರ ಮನೆಯಾಯಿತು, 1985ರ ಡಿಸೆಂಬರ್ 15ರಂದು ಅಲ್ಲೇ ತೀರಿಕೊಂಡರು. ಈಗ ಅದು ರಾಷ್ಟ್ರಾಧ್ಯಕ್ಷರ ನಿವಾಸ, ವರ್ಷಕ್ಕೆ ಒಂದೆರಡು ದಿನ ಮಾತ್ರ ಜನರಿಗೆ ತೆರೆದಿರುತ್ತದೆ. ಹಾಗಾಗಿ ಕೊನೆಯ ನಿಲ್ದಾಣ ಪಾಂಪ್ಲೆಮೂಸ್.

ಸಸ್ಯೋದ್ಯಾನಕ್ಕೂ ಅವರದೇ ಹೆಸರು. ವಿದೇಶಿಯರಿಗೆ ಪ್ರವೇಶ ಶುಲ್ಕವಿದೆ, ನೆಲ ತೇವ, ಸೊಳ್ಳೆ ಕಾಟ. ಉದ್ದ ತೋಳಿನ ಬಟ್ಟೆ ಹಾಕಿಕೊಂಡೇ ಹೋಗಬೇಕು. ಅಗಲ ತಟ್ಟೆಯಂಥ ಎಲೆಗಳ ದೈತ್ಯ ತಾವರೆ ನೋಡಲು ಬರುವವರು ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್ ನಂತರ ಬರಬೇಕು. ಜುಲೈಯಲ್ಲಿ ಎಲೆಗಳು ಸಣ್ಣ. ಮೊಂ ಪ್ಲೆಸೀರ್ ಬಂಗಲೆಯ ಹತ್ತಿರ ಸಮಾಧಿ. ಅವರನ್ನು ದಹನ ಮಾಡಿದ್ದು ಈ ಉದ್ಯಾನದಲ್ಲೇ; ಬೂದಿ ಗಂಗೆಗೆ ಹೋಯಿತು. ಸುತ್ತ ಬೇರೆ ಬೇರೆ ದೇಶಗಳ ನಾಯಕರು ನೆಟ್ಟ ಮರಗಳು.

ನಾವಿದ್ದಾಗ ಶಾಲೆಯ ಮಕ್ಕಳ ದಂಡೊಂದು ಬಂತು, ನೀಲಿ ಸಮವಸ್ತ್ರ. ಮೇಷ್ಟರು ತಾರೀಕುಗಳನ್ನು ಕ್ರಿಯೋಲ್‌ನಲ್ಲಿ ಹೇಳುತ್ತಿದ್ದರು, ಮಕ್ಕಳು ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದರು. ಸೋನೆ ಶುರುವಾಗಿ ಪುಟದ ಮೇಲೆ ಶಾಯಿ ಹರಡಿತು. ಎಲ್ಲರೂ ಬಂಗಲೆಯ ಜಗಲಿಗೆ ಓಡಿದರು, ಒಬ್ಬಳು ಮಾತ್ರ ವಾಕ್ಯ ಮುಗಿಸಿ ಹೋದಳು.